ಗೃಹಪ್ರವೇಶದ ಮಾತ್ರೆ

ನಾನು ಬಸ್ ಕಂಡಕ್ಟರ್. ನಂಜನಗೂಡು-ತಿ. ನರಸೀಪುರ ರೂಟಿನಲ್ಲಿ ನನ್ನ ಗಂಟಲು ಕೇಳದವರು ಕಡಿಮೆ. ಹೆಂಗಸರಿಗೆ ಟಿಕೆಟ್ ಉಚಿತವಾದ ಮೇಲಂತೂ ಉಸಿರಾಡಲು ಜಾಗವಿಲ್ಲದ ಬಸ್ಸಿನಲ್ಲಿ ಫುಟ್‌ಬೋರ್ಡಿನ ಗಂಡಸರನ್ನು ಒಳಗೆ ನೂಕಿ, ಚಿಲ್ಲರೆಗೆ ಜಗಳ ತೆಗೆದವರ ಬಾಯಿ ಮುಚ್ಚಿಸಿ, ಕುಡಿದು ಬಂದವನನ್ನು ಕಾಲರ್ ಹಿಡಿದು ಇಳಿಸಿ ರೂಢಿಯಾದವಳು. ‘ಸವಿತಮ್ಮನ ಬಸ್ಸು ಕಣ್ಲಾ, ಸುಮ್ನೆ ಕೂತ್ಕೊ’ ಅಂತ ಜನ ಹಿಂದಿನ ಸೀಟಿನಲ್ಲಿ ಪಿಸುಗುಟ್ಟುವುದು ನನ್ನ ಕಿವಿಗೇ ಬಿದ್ದಿದೆ. ಅಂಥವಳು ಮೈಸೂರಿನ ಒಂದು ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ಸೆರಗು ಬಾಯಿಗೆ ತುರುಕಿಕೊಂಡು ನಡುಗಿದ್ದನ್ನು ಬರೆಯುತ್ತಿದ್ದೇನೆ. ಆ ಬೆಂಚಿನ ಮೇಲೆ ಇವತ್ತೂ ಯಾವಳೋ ಕೂತಿರುತ್ತಾಳೆ. ಅವಳಿಗೆ ಕೊಡುವಂಥ ಧೈರ್ಯ ನನ್ನ ಹತ್ತಿರ ಹೆಚ್ಚಿಲ್ಲ. ಒಂದಿಷ್ಟು ಸರಿದು ಪಕ್ಕದಲ್ಲಿ ಜಾಗ ಮಾಡಿಕೊಡಬಲ್ಲೆ, ಅಷ್ಟೆ.

ಐದನೇ ತಿಂಗಳ ಸ್ಕ್ಯಾನಿಗೆ ನಂಜನಗೂಡಿನಲ್ಲೇ ಹೋಗಿದ್ದೆ. ನಮ್ಮ ಯಜಮಾನರು ನಾಗೇಂದ್ರ, ಅಲ್ಲಿನ ಕಾರ್ಖಾನೆಯೊಂದರಲ್ಲಿ ಕೆಲಸ. ಶಿಫ್ಟ್ ಮುಗಿಸಿ ನೇರ ಅಲ್ಲಿಗೇ ಬಂದಿದ್ದರು. ಸ್ಕ್ಯಾನ್ ಮಾಡುವ ಡಾಕ್ಟರು ಮೊದಲು ಚೆನ್ನಾಗಿಯೇ ಮಾತಾಡುತ್ತಿದ್ದರು. ಇದು ತಲೆ, ಇದು ಬೆನ್ನುಹುರಿ, ನೋಡಿ ಕಾಲು ಹೇಗೆ ಒದೀತಾ ಇದೆ ಅಂತ. ಆಮೇಲೆ ಹೊಟ್ಟೆಯ ಮೇಲೆ ಒಂದೇ ಜಾಗದಲ್ಲಿ ಆ ಯಂತ್ರವನ್ನು ಇಟ್ಟು, ಒತ್ತಿ, ತಿರುಗಿಸಿ, ಮತ್ತೆ ಅಲ್ಲೇ ಇಟ್ಟರು. ಮಾತು ನಿಂತಿತು.

“ಯಾಕೆ ಸಾ, ಸುಮ್ನಾದ್ರಿ?” ಅಂದೆ.

“ಸ್ವಲ್ಪ ಎಡಕ್ಕೆ ತಿರುಗಮ್ಮ,” ಅಂದರು. ತಿರುಗಿದೆ. ಅವರು ಮತ್ತೆ ಅದೇ ಜಾಗ ನೋಡಿದರು. ಕೊನೆಗೆ ಹೊಟ್ಟೆ ಒರೆಸಿಕೊಳ್ಳಲು ಹತ್ತಿ ಕೊಟ್ಟು, “ಮಗುವಿನ ಹೃದಯ ನನಗೆ ಸರಿಯಾಗಿ ಕಾಣ್ತಾ ಇಲ್ಲ. ಮೈಸೂರಿಗೆ ಹೋಗಿ ಹೃದಯದ್ದೇ ಬೇರೆ ಸ್ಕ್ಯಾನ್ ಮಾಡಿಸಿ. ತಡ ಮಾಡಬೇಡಿ,” ಅಂದರು.

‘ಕಾಣ್ತಾ ಇಲ್ಲ’ ಅನ್ನುವುದನ್ನು ನಮ್ಮ ಯಜಮಾನರು ಯಂತ್ರದ ದೋಷ ಅಂತ ತಿಳಿದುಕೊಂಡರು, ಪಾಪ. ನಾನು ಡಾಕ್ಟರ ಮುಖ ನೋಡಿದ್ದೆ. ಟಿಕೆಟ್ ಇಲ್ಲದವನ ಮುಖ, ಇದ್ದೂ ಹುಡುಕುತ್ತಿರುವವನ ಮುಖ, ಎರಡರ ವ್ಯತ್ಯಾಸ ನನಗೆ ಗೊತ್ತು. ಅವರಿಗೆ ಎಲ್ಲ ಕಂಡಿತ್ತು.

ಸೋಸಲೆಯ ನಮ್ಮ ಮನೆಗೆ ವಾಪಸ್ಸು ಬರುವಾಗ ನನ್ನದೇ ರೂಟಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದೆ. ಆವತ್ತಿನ ಕಂಡಕ್ಟರ್ ಹುಡುಗ ಬಂದು, “ಏನಕ್ಕ, ಪ್ಯಾಸೆಂಜರ್ ಆಗ್ಬುಟ್ಟಿದ್ದೀರಿ?” ಅಂತ ತಮಾಷೆ ಮಾಡಿದ. ನಗಲು ಹೋದೆ. ಅಷ್ಟರಲ್ಲಿ ಆ ನೆನಪು ಬಂತು. ಎದುರಿನ ಸೀಟಿನ ಕಂಬಿ ಹಿಡಿದುಕೊಂಡೆ. ಮಾತ್ರೆ.

ನಮ್ಮ ಕಡೆ ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮನೆಯಲ್ಲಿ ಪೂಜೆ ಇರಲಿ, ಮದುವೆ ಇರಲಿ, ದೇವಸ್ಥಾನಕ್ಕೆ ಹೊರಟಿರಲಿ, ಮೊದಲು ಲೆಕ್ಕ ಹಾಕುವುದು ಮುಟ್ಟಿನ ದಿನವನ್ನು. ಅಡ್ಡ ಬರುತ್ತದೆ ಅಂತಾದರೆ ಮೆಡಿಕಲ್ ಸ್ಟೋರಿಗೆ ಹೋಗಿ, ‘ದಿನ ಮುಂದಕ್ಕಾಕೋ ಮಾತ್ರೆ ಕೊಡಪ್ಪ’ ಅಂದರೆ ಸಾಕು. ಯಾರಿಗೆ, ಯಾಕೆ ಅಂತ ಅವನೂ ಕೇಳುವುದಿಲ್ಲ. ಕಾಗದದಲ್ಲಿ ಸುತ್ತಿ ಕೊಡುತ್ತಾನೆ. ತಲೆನೋವಿನ ಮಾತ್ರೆಗೂ ಅದಕ್ಕೂ ನಾವು ಅಂಥ ವ್ಯತ್ಯಾಸ ಮಾಡಿದವರಲ್ಲ.

ಸೋಸಲೆಯಲ್ಲಿ ನಾವು ಕಟ್ಟಿಸಿದ ಹೊಸಮನೆಯ ಗೃಹಪ್ರವೇಶಕ್ಕೆ ದಿನ ನೋಡಿಸಿದ್ದರು. ಮನೆಗೆ ನಾನೊಬ್ಬಳೇ ಸೊಸೆ. ಹಾಲು ಉಕ್ಕಿಸಬೇಕಾದವಳು ನಾನೇ. ಅತ್ತೆ ಪುಟ್ಟತಾಯಮ್ಮ ಒಂದು ಸಂಜೆ ಹತ್ತಿರ ಕೂತು, “ನಿಂದು ಯಾವಾಗವ್ವ?” ಅಂದರು. ಹೇಳಿದೆ. ಸರಿಯಾಗಿ ಅದೇ ದಿನಕ್ಕೆ ಬೀಳುತ್ತಿತ್ತು. ಮಾರನೇ ದಿನ ಅವರೇ ನರಸೀಪುರಕ್ಕೆ ಹೋಗಿ ಮಾತ್ರೆ ತಂದರು. ನುಂಗಲು ಶುರು ಮಾಡಿದೆ. ಅಷ್ಟರಲ್ಲಿ ದಾಯಾದಿಗಳ ಪೈಕಿ ಒಬ್ಬರು ಹಿರಿಯರು ತೀರಿಕೊಂಡು ನಮಗೆ ಸೂತಕ ಬಂತು. ಗೃಹಪ್ರವೇಶ ಮುಂದಕ್ಕೆ ಹೋಯಿತು. ಹತ್ತಿರದಲ್ಲೇ ಇನ್ನೊಂದು ಒಳ್ಳೆಯ ದಿನ ಸಿಕ್ಕಿತು. ಈಗ ನಿಲ್ಲಿಸಿದರೆ ಆ ದಿನಕ್ಕೂ ಅಡ್ಡಿಯಾದೀತು ಅಂತ ಅತ್ತೆ ಇನ್ನೊಂದು ಪಟ್ಟಿ ತಂದರು. ನಾನು ಅದನ್ನೂ ನುಂಗಿದೆ.

ಹಾಲು ಚೆನ್ನಾಗಿ ಉಕ್ಕಿತು. ನೆಂಟರೆಲ್ಲ ಹೊಗಳಿದರು. ಮಾತ್ರೆ ನಿಲ್ಲಿಸಿದ ಮೇಲೂ ಮುಟ್ಟಾಗಲಿಲ್ಲ. ಮಾತ್ರೆಯ ಜೋರು ಇನ್ನೂ ಇದೆ ಅಂದುಕೊಂಡು ಡ್ಯೂಟಿಗೆ ಹೋದೆ. ಒಂದು ದಿನ ಬಸ್ಸಿನಲ್ಲಿ ಡೀಸೆಲ್ ವಾಸನೆಗೆ ಹೊಟ್ಟೆ ತೊಳಸಿ ವಾಂತಿಯಾದಾಗಲೇ ಅನುಮಾನ ಬಂದದ್ದು. ಆ ಮಾತ್ರೆ ನುಂಗುವಾಗಲೇ ನಾನು ಬಸುರಿ. ನನಗೂ ಗೊತ್ತಿರಲಿಲ್ಲ, ಅತ್ತೆಗೂ ಗೊತ್ತಿರಲಿಲ್ಲ.

ಇದನ್ನು ನಮ್ಮವ್ವನ ಹತ್ತಿರ ಹೇಳುವಂತಿರಲಿಲ್ಲ. ಅವ್ವ ಚಿಕ್ಕಯ್ಯನಛತ್ರದವಳು, ಮಾತಿಗೆ ನಿಂತರೆ ನಾನೇನೂ ಅಲ್ಲ ಅವಳ ಮುಂದೆ. ‘ನಿಮ್ಮತ್ತೆ ತಂದ್ಕೊಟ್ಳಾ?’ ಅಂತ ಒಂದು ಮಾತು ಅವಳ ಬಾಯಿಂದ ಹೊರಟರೆ ಎರಡು ಮನೆ ಒಡೆಯುತ್ತದೆ. ಗಂಡನಿಗೂ ಹೇಳಲಿಲ್ಲ. ಅವರ ತಾಯಿ ತಾನೆ. ಅವರು ಆ ವಾರವೆಲ್ಲ ಬೆಳಿಗ್ಗೆ ಎದ್ದರೆ ಬೈಕ್ ತೊಳೆಯುತ್ತಿದ್ದರು. ತೊಳೆದ ಬೈಕನ್ನೇ ಮತ್ತೆ ತೊಳೆಯುತ್ತಿದ್ದರು. ನಾನು ನೋಡಿದರೆ ಆ ಕಡೆ ತಿರುಗಿಕೊಂಡು ಚಕ್ರ ಉಜ್ಜುತ್ತಿದ್ದರು.

ಮೈಸೂರಿನ ಆಸ್ಪತ್ರೆಗೆ ನಾವು ಮೂವರು ಹೋದೆವು. ಬೇಡ ಅಂದರೂ ಅತ್ತೆ ಹೊರಟರು. ಉದ್ದನೆಯ ಓಣಿಯಂಥ ಜಾಗ, ಗೋಡೆಗೆ ಒರಗಿಸಿದ ಬೆಂಚುಗಳು, ದನಿ ಮುಚ್ಚಿದ ಟಿವಿಯಲ್ಲಿ ಯಾರೋ ಒಗ್ಗರಣೆ ಹಾಕುತ್ತಿದ್ದರು. ಹೆಸರು ಕರೆದಾಗಲೆಲ್ಲ ಅರ್ಧ ಎದ್ದು ನಿಲ್ಲುತ್ತಿದ್ದೆ. ನಮ್ಮದಲ್ಲ ಅಂತ ಗೊತ್ತಾದರೆ ಸಮಾಧಾನ, ಅದರ ಹಿಂದೆಯೇ ಇನ್ನೂ ಎಷ್ಟು ಹೊತ್ತಪ್ಪಾ ಅನ್ನುವ ಸಂಕಟ. ಅತ್ತೆ ಮಡಿಲಲ್ಲಿ ಎಲೆಅಡಿಕೆ ಚೀಲ ಇಟ್ಟುಕೊಂಡು ಕೂತಿದ್ದರು. ಎಲೆ ಹಾಕುತ್ತಿರಲಿಲ್ಲ, ಚೀಲದ ದಾರವನ್ನು ಬಿಚ್ಚುವುದು, ಕಟ್ಟುವುದು. ನೋಡಿ ನೋಡಿ ನನಗೆ ಸಿಟ್ಟು ನೆತ್ತಿಗೇರುತ್ತಿತ್ತು. ಮಾಡುವುದೆಲ್ಲ ಮಾಡಿ ಈಗ ಚೀಲ ಕಟ್ಟುತ್ತಾಳೆ ಅಂತ ಮನಸ್ಸಿನಲ್ಲೇ ಅಂದುಕೊಂಡೆ. ಏಕವಚನದಲ್ಲೇ ಅಂದುಕೊಂಡೆ.

ಪಕ್ಕದಲ್ಲಿ ತಲಕಾಡಿನ ಕಡೆಯ ಹೆಂಗಸೊಬ್ಬಳು ತನ್ನ ಮಗಳನ್ನು ತೋರಿಸಲು ಕರೆತಂದಿದ್ದಳು. ನನ್ನ ಮುಖ ನೋಡಿ ಏನನ್ನೂ ಕೇಳಲಿಲ್ಲ. ಮಗಳ ಫ್ರಾಕಿನ ಕುತ್ತಿಗೆಯನ್ನು ಸ್ವಲ್ಪ ಕೆಳಗೆಳೆದು ಎದೆಯ ನಡುವಿನ ಆಪರೇಷನ್ ಗೆರೆ ತೋರಿಸಿದಳು. “ಅಲ್ಲೆ ಒಳಗೆ ಮಾಡಿದ್ದು ಕಣಕ್ಕ. ಈಗ ನೋಡಿ, ಕೈಗೇ ಸಿಗಲ್ಲ,” ಅಂದಳು. ಆ ಮಗು ನನ್ನ ಕೈಗೆ ಒಂದು ಕಿತ್ತಳೆ ತೊಳೆ ಇಟ್ಟಿತು. ಬಾಯಿಗೆ ಹಾಕಿಕೊಂಡೆ, ನುಂಗಲಾಗಲಿಲ್ಲ. ಆದರೂ ಆ ತೊಳೆಯ ಋಣ ನನ್ನ ಮೇಲಿದೆ.

ಸ್ಕ್ಯಾನ್ ಮಾಡಿದ ಡಾಕ್ಟರಮ್ಮ ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಮುಚ್ಚುಮರೆ ಇಲ್ಲದೆ ಹೇಳಿದರು. ಹೃದಯದ ಕೆಳಗಿನ ಎರಡು ಕೋಣೆಗಳ ನಡುವೆ ಗೋಡೆ ಪೂರ್ತಿ ಆಗಿಲ್ಲ, ತೂತಿದೆ. ಶ್ವಾಸಕೋಶಕ್ಕೆ ರಕ್ತ ಹೋಗುವ ದಾರಿ ಇಕ್ಕಟ್ಟಾಗಿದೆ. ಹುಟ್ಟಿದ ಮೇಲೆ ವರ್ಷದೊಳಗೆ ಆಪರೇಷನ್ ಬೇಕಾಗುತ್ತದೆ. ಬಹಳ ಮಕ್ಕಳು ಚೆನ್ನಾಗಾಗುತ್ತವೆ. ಆದರೆ ಕೆಲವರಲ್ಲಿ ಇದರ ಜೊತೆ ಜೀನಿನ ದೋಷವೂ ಇರುತ್ತದೆ, ಆಗ ಬೇರೆ ತೊಂದರೆಗಳೂ ಬರಬಹುದು. ಮಗುವಿನ ಸುತ್ತಲಿನ ನೀರು ತೆಗೆದು ಪರೀಕ್ಷೆಗೆ ಕಳಿಸೋಣ. ವರದಿ ಬರುವವರೆಗೆ ಕಾಯಬೇಕು. “ಇಟ್ಕೊಳ್ಳೋದಾ ಬೇಡವಾ ಅನ್ನೋದು ನಿಮ್ಮಿಬ್ಬರ ತೀರ್ಮಾನ. ಕಾನೂನಿನಲ್ಲಿ ಅದಕ್ಕೊಂದು ಅವಧಿ ಇದೆ, ಅದನ್ನೂ ತಿಳ್ಕೊಂಡಿರಿ,” ಅಂದರು.

ಮಾತ್ರೆಯ ವಿಷಯ ನಾಲಿಗೆಯ ತುದಿಗೆ ಬಂದಿತ್ತು. ಅತ್ತೆ ಬಾಗಿಲ ಹತ್ತಿರ ನಿಂತಿದ್ದರು. ಕೇಳಿದರೆ ಉತ್ತರ ಬರುತ್ತದಲ್ಲ, ಆ ಉತ್ತರಕ್ಕೇ ಹೆದರಿದೆ. ಹೌದು ಅಂದುಬಿಟ್ಟರೆ ಒಂದೇ ಸೂರಿನಡಿ ಆ ಮುಖವನ್ನು ನಾನು ಹೇಗೆ ನೋಡುವುದು?

ವರದಿಗೆ ಕಾದ ದಿನಗಳನ್ನು ಹೇಗೆ ಬರೆಯುವುದೋ ತಿಳಿಯದು. ಮಗು ಒದೆಯುವುದು ನನಗೆ ತಿಳಿಯಲು ಶುರುವಾದದ್ದೂ ಆಗಲೇ. ಒದ್ದಾಗ ಭಯ, ಒದೆಯದಿದ್ದರೆ ಇನ್ನೂ ಭಯ. ಡಿಪೋದಲ್ಲಿ ಕೂತು ಮಾಡುವ ಕೆಲಸ ಕೊಟ್ಟಿದ್ದರು. ಹೊರಗೆ ಬಸ್ಸುಗಳು ಹೊರಡುವ ಸದ್ದು ಕೇಳುತ್ತಾ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕೂತಿರುತ್ತಿದ್ದೆ. ಅವ್ವ ಚಿಕ್ಕಯ್ಯನಛತ್ರದಿಂದ ಬಂದು ಒಂದು ದಿನ ನನ್ನ ತಲೆಗೆ ಎಣ್ಣೆ ಹಚ್ಚುತ್ತಾ ಹೇಳಿದಳು:

“ಬ್ಯಾಡ ಕಣವ್ವ ಇದು. ನೀ ಉಳ್ಕೊ, ಕೂಸು ಇನ್ನೊಂದಾಯ್ತದೆ. ಉಟ್ಟಿದ ಮ್ಯಾಲೆ ಕುಯ್ಯದ ನೋಡಕ್ಕೆ ನಿನ್ ಕೈಲಾದದಾ?”

“ಸುಮ್ನಿರವ್ವ,” ಅಂದೆ.

“ನಾ ಯಾರ್ನೂ ಅನ್ನಲ್ಲ. ನಮ್ ಅಣೇಲಿ ಬರ್ದಿದ್ದು. ನಿನ್ ಸಲುವಾಗಿ ಯೋಳ್ತೀನಿ.”

ಬಾಗಿಲ ಆಚೆ ಅತ್ತೆ ರಾಗಿ ಕೇರುತ್ತಿದ್ದರು. ಮೊರದ ಸದ್ದು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಶುರುವಾಯಿತು.

ವರದಿ ಬಂದಿದೆ ಅಂತ ಫೋನ್ ಬಂದ ದಿನ ಮತ್ತೆ ಅದೇ ಬೆಂಚು. ಒಳಗೆ ಕರೆದು ಡಾಕ್ಟರಮ್ಮ ಮೊದಲು ನಕ್ಕರು. ಜೀನಿನ ಪರೀಕ್ಷೆಯಲ್ಲಿ ದೋಷವೇನೂ ಕಂಡಿಲ್ಲ ಅಂದರು. ನಮ್ಮ ಯಜಮಾನರು ಕುರ್ಚಿಯಲ್ಲೇ ಕುಸಿದು ಕೈಮುಗಿದರು. ನನಗೆ ಮಾತ್ರ ಸಂತೋಷವಾಗಲಿಲ್ಲ. ಇಷ್ಟು ದಿನ ತಪ್ಪು ಹಾಕಲು ಎರಡು ಜಾಗ ಇದ್ದವು. ಜೀನಿನದಲ್ಲ ಅಂದ ಮೇಲೆ ಉಳಿದದ್ದು ಮಾತ್ರೆ ಒಂದೇ ಅಲ್ಲವೇ? ನನ್ನ ಬುದ್ಧಿಗೆ ಹೊಳೆದದ್ದು ಅಷ್ಟೆ.

ಅದೇ ಲೆಕ್ಕವನ್ನು ಇನ್ನೊಬ್ಬರೂ ಹಾಕಿದ್ದರು. ಬಾಗಿಲ ಹತ್ತಿರ ನಿಂತಿದ್ದ ಅತ್ತೆ ಮುಂದೆ ಬಂದರು. ಎಲೆಅಡಿಕೆ ಚೀಲ ಬಿಚ್ಚಿ, ಸುಣ್ಣದ ಡಬ್ಬಿಯ ಕೆಳಗಿನಿಂದ ಏನೋ ತೆಗೆದು ಮೇಜಿನ ಮೇಲಿಟ್ಟರು. ಮಾತ್ರೆಯ ಖಾಲಿ ಪಟ್ಟಿ. ಮಡಿಸಿ ಮಡಿಸಿ ಅಂಚು ಸವೆದಿತ್ತು, ಸುಣ್ಣ ಮೆತ್ತಿತ್ತು.

“ತಾಯಿ, ಇದ ನಾನೇ ತಂದ್ಕೊಟ್ಟಿದ್ದು,” ಅಂದರು. “ಮನೆ ಒಕ್ಕಲಿಗೆ ಅಡ್ಡ ಬತ್ತದೆ ಅಂತ. ಅವ್ಳು ಕೇಳ್ನಿಲ್ಲ, ನಾನೇ ತಂದೆ. ಎಲ್ಡು ಸತಿ ತಂದೆ. ಇದ್ರಿಂದ್ಲೇ ಆಗಿದ್ರೆ ಯೋಳ್ಬುಡಿ. ನನ್ ಮುಂದ್ಲೇ ಯೋಳಿ. ಆ ಎಣ್ಮಗ್ಳು ಒಳ್ಗೊಳ್ಗೆ ಬೆಂದೋಯ್ತಾವ್ಳೆ, ನಂಗೆ ಕಾಣಲ್ವಾ?”

ನಮ್ಮ ಯಜಮಾನರು ತಾಯಿಯ ಮುಖ ನೋಡಿದರು, ನನ್ನ ಮುಖ ನೋಡಿದರು. ಅವರಿಗೆ ವಿಷಯ ಗೊತ್ತಾದದ್ದೇ ಆಗ.

ಡಾಕ್ಟರಮ್ಮ ಆ ಪಟ್ಟಿಯನ್ನು ತಿರುಗಿಸಿ ಓದಿದರು. ಅತ್ತೆಯನ್ನು ಕೂರಿಸಿದರು. “ನೋಡಿ ಅಮ್ಮ, ಬಸುರಿ ಅಂತ ಗೊತ್ತಾಗೋ ಮುಂಚೇನೇ ಮಗು ಹೃದಯ ಬಡಿಯೋಕೆ ಶುರುವಾಗಿರುತ್ತೆ. ಮೊದಲು ಅದು ಒಂದು ಸಣ್ಣ ಕೊಳವೆ, ನೆಟ್ಟಗೆ ಇರುತ್ತೆ. ಆಮೇಲೆ ಬಾಗುತ್ತೆ, ಹೊರಳುತ್ತೆ, ಒಳಗೆ ಗೋಡೆ ಏಳುತ್ತೆ. ಎಲ್ಲಿ ಏಳಬೇಕು, ಎಲ್ಲಿ ನಿಲ್ಲಬೇಕು ಅಂತ ಒಂದು ಜೀವಕೋಶ ಪಕ್ಕದ್ದಕ್ಕೆ ಸಿಗ್ನಲ್ ಕೊಡುತ್ತೆ. ಸಿಗ್ನಲ್ ಸಿಕ್ಕಿದ ಕಡೆ ಜೀನ್ ಎಚ್ಚರ ಆಗಿ ಕೆಲಸ ಮಾಡುತ್ತೆ, ಮುಗಿದ ಮೇಲೆ ಸುಮ್ಮನಾಗುತ್ತೆ. ಅಂಥವು ಸಾವಿರಾರು. ಎಲ್ಲಾ ಹೊತ್ತಿಗೆ ಸರಿಯಾಗಿ ಆಗಬೇಕು. ಇಲ್ಲಿ ಯಾವುದೋ ಒಂದು ಸರಿಯಾಗಿ ಮುಟ್ಟಲಿಲ್ಲ. ಯಾಕೆ ಅಂತ ಬಹಳ ಸಲ ನಮಗೂ ಗೊತ್ತಾಗಲ್ಲ. ನಾವು ಮಾಡಿದ ಪರೀಕ್ಷೆಗೆ ಸಿಗದೇ ಇರೋದೂ ಇರುತ್ತೆ.”

ನನಗೆ ನನ್ನ ವಿಶಲ್ ನೆನಪಾಯಿತು. ಒಂದು ಸಲ ಊದಿದರೆ ನಿಲ್ಲಿಸು, ಎರಡು ಸಲ ಊದಿದರೆ ಹೊರಡು. ತುಂಬಿದ ಬಸ್ಸಿನಲ್ಲಿ ಎಷ್ಟೋ ಸಲ ನಾನು ಊದಿದ್ದು ಡ್ರೈವರಿಗೆ ಕೇಳಿಸಿಲ್ಲ. ಆಗ ಯಾರನ್ನು ಬಯ್ಯುವುದು? ನನ್ನ ಹೊಟ್ಟೆಯೊಳಗೆ ಅಷ್ಟೊಂದು ವಿಶಲ್ ಊದುತ್ತಿದ್ದಾಗ ನಾನು ಹೊಸಮನೆಗೆ ತೋರಣ ಕಟ್ಟುತ್ತಿದ್ದೆ.

“ಅಂದ್ರೆ ಮಾತ್ರೆ ಅಲ್ವಾ?” ಅತ್ತೆ ಬಿಡಲಿಲ್ಲ.

“ಇದನ್ನ ಗೊತ್ತಿಲ್ಲದೆ ತಗೊಂಡ ಎಷ್ಟೋ ಜನಕ್ಕೆ ಆರೋಗ್ಯವಾದ ಮಕ್ಕಳಾಗಿವೆ. ಇದರಿಂದಲೇ ಆಯ್ತು ಅನ್ನೋಕೆ ನನಗೆ ಆಧಾರ ಇಲ್ಲ. ಖಂಡಿತ ಅಲ್ಲ ಅಂತ ಆಣೆ ಇಡೋಕೂ ಆಗಲ್ಲ. ಡಾಕ್ಟರನ್ನ ಕೇಳದೆ ತಗೋಬಾರದಿತ್ತು, ಅಷ್ಟು ಮಾತ್ರ ಹೇಳ್ತೀನಿ.”

ಅತ್ತೆ ಆ ಪಟ್ಟಿಯನ್ನು ಮತ್ತೆ ಮಡಿಸಿ ಚೀಲಕ್ಕೆ ಹಾಕಿಕೊಂಡರು. ಇಷ್ಟು ದಿನ ನಾನು ಮನಸ್ಸಿನಲ್ಲಿ ಕೂಡಿಟ್ಟಿದ್ದ ಬೈಗುಳವೆಲ್ಲ ಎದ್ದು ಬಂದು, ಬಾಯಿಂದ ಹೊರಟದ್ದು ಬೇರೆಯೇ. “ಅದನ್ಯಾಕೆ ಮತ್ತೆ ಒಳಗಿಟ್ಕೋತೀರಿ ಅತ್ತೆ? ಎಸೀರಿ ಅತ್ಲಾಗೆ,” ಅಂತ ಜೋರಾಗಿ ಅಂದುಬಿಟ್ಟೆ. ಅವರು ಎಸೆಯಲಿಲ್ಲ. ಬಸ್ ಸ್ಟ್ಯಾಂಡಿಗೆ ನಡೆಯುವಾಗ ನನ್ನ ಕೈ ಹಿಡಿದುಕೊಂಡರು. ಬಿಡಿಸಿಕೊಳ್ಳಬೇಕು ಅನ್ನಿಸಿತು, ಸುಳ್ಳು ಹೇಳುವುದಿಲ್ಲ. ಬಿಡಿಸಿಕೊಳ್ಳಲಿಲ್ಲ. ಮಗು ಬೇಕು ಅಂತ ತೀರ್ಮಾನ ಮಾಡಿದ್ದೂ ಆ ದಾರಿಯಲ್ಲೇ. ನಾನು ಹೇಳಿದೆ, ಯಜಮಾನರು ಹೂಂ ಅಂದರು.

ಹೆಣ್ಣುಮಗು ಹುಟ್ಟಿತು. ಕೆಂಪಗೆ, ದುಂಡಗೆ, ನೋಡಿದವರು ಇದಕ್ಕೇನು ಕಾಯಿಲೆ ಅನ್ನುವ ಹಾಗೆ. ಆಸ್ಪತ್ರೆಯಿಂದ ಕಳಿಸುವಾಗ ನರ್ಸ್ ಒಂದು ಪಾಠ ಹೇಳಿಕೊಟ್ಟಿದ್ದರು. ಅತ್ತು ಅತ್ತು ತುಟಿ ನೀಲಿಯಾದರೆ ಗಾಬರಿ ಬೀಳಬೇಡಿ, ಎರಡೂ ಮಂಡಿ ಮಡಿಸಿ ಎದೆಗೆ ಒತ್ತಿ ಹಿಡಿದುಕೊಳ್ಳಿ, ಹಾಗೇ ಎತ್ತಿಕೊಂಡು ಆಸ್ಪತ್ರೆಗೆ ಬನ್ನಿ ಅಂತ. ಅತ್ತೆ ಮನೆಗೆ ಬಂದವರೇ ದಿಂಬನ್ನು ಮಗುವಿನಂತೆ ಹಿಡಿದು ಅಭ್ಯಾಸ ಮಾಡಿದರು. ನಾನು ನಕ್ಕಿದ್ದೆ.

ಮಗುವಿಗೆ ನಾಲ್ಕು ತಿಂಗಳಾಗಿದ್ದಾಗ ಒಂದು ಬೆಳಿಗ್ಗೆ ಸ್ನಾನ ಮಾಡಿಸಿ ಒರೆಸುತ್ತಿದ್ದೆ. ಅಳಲು ಶುರು ಮಾಡಿದಳು. ಅಳು ನಿಲ್ಲಲಿಲ್ಲ. ತುಟಿ ನೇರಳೆ ಹಣ್ಣು ತಿಂದ ಹಾಗಾಯಿತು, ಆಮೇಲೆ ಉಗುರು, ಆಮೇಲೆ ಕಣ್ಣು ಮೇಲಾಯಿತು. ಅಷ್ಟು ಜನರನ್ನು ಹೆದರಿಸಿ ನಿಲ್ಲಿಸುವ ನಾನು ಟವಲ್ ಹಿಡಿದುಕೊಂಡು ನಿಂತೇ ಇದ್ದೆ. ಅತ್ತೆ ಓಡಿಬಂದು ಮಗುವನ್ನು ಕಿತ್ತುಕೊಂಡು ಮಂಡಿ ಮಡಿಸಿ ಎದೆಗೊತ್ತಿ ಕೂತರು. “ನನ್ನವ್ವ, ನನ್ ತಾಯಿ, ಉಸ್ರಾಡವ್ವ, ಉಸ್ರಾಡು,” ಅನ್ನುತ್ತಲೇ ಇದ್ದರು. ಎಷ್ಟು ಹೊತ್ತೋ ಗೊತ್ತಿಲ್ಲ. ತುಟಿಗೆ ಬಣ್ಣ ಮರಳಿತು. ಅತ್ತೆಯ ತುಟಿ ಮಾತ್ರ ಆಮೇಲೂ ಬಿಳಚಿಕೊಂಡೇ ಇತ್ತು.

ಹಾಗೇ ಎತ್ತಿಕೊಂಡು ಮೈಸೂರಿಗೆ ಓಡಿದೆವು, ಆ ವಾರದಲ್ಲೇ ಆಪರೇಷನ್ ನಿಗದಿಯಾಯಿತು. ಒಳಗೆ ಕರೆದೊಯ್ಯುವ ಮುಂಚೆ ಮೈಮೇಲೆ ಏನೂ ಇರಬಾರದು ಅಂತ ದೃಷ್ಟಿಬಳೆ ತೆಗೆದರು, ಉಡಿದಾರ ಕತ್ತರಿಸಿದರು. ಹುಟ್ಟಿದಾಗ ಕಟ್ಟಿದ್ದು, ಒಂದು ದಿನವೂ ಬಿಚ್ಚಿರಲಿಲ್ಲ. ಅದು ಕತ್ತರಿಯಲ್ಲಿ ಕಚಕ್ ಅಂದ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಅತ್ತೆ ಆ ದಾರವನ್ನು ತಮ್ಮ ಚೀಲಕ್ಕೆ ಹಾಕಿಕೊಂಡರು, ಆ ಪಟ್ಟಿಯ ಜೊತೆಗೇ. ನನ್ನ ಅವ್ವನೂ ಬಂದಿದ್ದಳು. ನಾವು ಮೂರು ಹೆಂಗಸರು ಒಂದೇ ಬೆಂಚಿನಲ್ಲಿ ಕೂತೆವು. ಹೃದಯವನ್ನು ನಿಲ್ಲಿಸಿ ಮಾಡುತ್ತಾರೆ ಅಂತ ಡಾಕ್ಟರು ಹೇಳಿದ್ದು ನನ್ನ ತಲೆಯಲ್ಲಿ ತಿರುಗುತ್ತಿತ್ತು. ಈಗ ನಿಂತಿರಬಹುದಾ? ಈಗ? ಮತ್ತೆ ಹೊರಡದಿದ್ದರೆ? ಯಜಮಾನರು ಕೆಳಗೆ ಪಾರ್ಕಿಂಗಿನಲ್ಲಿ ಬೈಕ್ ಒರೆಸುತ್ತಿದ್ದರಂತೆ, ಆಮೇಲೆ ಗೊತ್ತಾಯಿತು. ಆ ಬೆಂಚಿನ ಮೇಲೆ ನಾನು ಯಾವ ದೇವರಿಗೂ ಹರಕೆ ಹೊರಲಿಲ್ಲ. ಹರಕೆಗೆ ಬೇಕಾದ ಮಾತು ಕೂಡ ಜೋಡಿಸಲಾಗುತ್ತಿರಲಿಲ್ಲ. ಹೊತ್ತವರು ಅತ್ತೆ. ಮಗು ಉಳಿದರೆ ಮನೆದೇವರ ಹೆಸರಲ್ಲಿ ಹಾಲು ಉಕ್ಕಿಸಿ ಊರಿಗೆ ಪಾಯಸ ಹಾಕುತ್ತೇನೆ ಅಂತ.

ಹೊರಗೆ ಬಂದ ಡಾಕ್ಟರು ಮಾಸ್ಕ್ ಇಳಿಸಿ, “ಹೃದಯ ತಾನಾಗೇ ಬಡಿಯೋಕೆ ಶುರು ಮಾಡ್ತು,” ಅಂದರು. ಅವ್ವ ಅತ್ತೆಯ ಭುಜದ ಮೇಲೆ ಬಿದ್ದು ಅತ್ತಳು.

ಎಲ್ಲ ಮುಗಿಯಿತು ಅಂತ ಬರೆಯಲಾರೆ. ಮುಂದೆ ಇನ್ನೊಂದು ಆಪರೇಷನ್ ಬೇಕಾಗಬಹುದು ಅಂತ ಹೇಳಿದ್ದಾರೆ. ಪ್ರತಿ ಸಲ ಆ ಬೆಂಚಿನ ಮೇಲೆ ಕೂತಾಗ ಸೆರಗು ತಾನಾಗಿ ಬಾಯಿಗೆ ಹೋಗುತ್ತದೆ. ಆದರೆ ಮಗಳಿಗೆ ಎರಡು ವರ್ಷ ತುಂಬಿದ ಮೇಲೆ, ಮೊನ್ನೆ ತೋರಿಸಲು ಹೋದಾಗ ಇನ್ನು ವರ್ಷಕ್ಕೊಮ್ಮೆ ಬಂದರೆ ಸಾಕು ಅಂದರು. ಅತ್ತೆ ಹರಕೆ ತೀರಿಸಲು ದಿನ ನೋಡಿಸಿದರು. ಈ ಸಲ ನನ್ನ ದಿನ ಯಾವಾಗ ಅಂತ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಹರಕೆಯ ದಿನ ಬೆಳಿಗ್ಗೆಯೇ ಮುಟ್ಟಾದೆ. ಒಲೆಗೆ ಅರಿಶಿನ ಕುಂಕುಮ ಹಚ್ಚಿ ಆಗಿತ್ತು, ನೆಂಟರು ಬರುತ್ತಿದ್ದರು. ಹಿತ್ತಲ ಬಾಗಿಲಲ್ಲಿ ಅತ್ತೆಯನ್ನು ಕರೆದು ಹೇಳಿದೆ. ನಾನು ಕೊಟ್ಟಿಗೆ ಕಡೆ ಇರುತ್ತೇನೆ, ಹಾಲನ್ನು ನೀವೇ ಉಕ್ಕಿಸಿ ಅಂದೆ. ಅತ್ತೆಯ ಕೈ ಸೊಂಟದ ಚೀಲದ ಮೇಲೆ ಹೋಯಿತು.

“ಬಂತಾ? ಬರ್ಲಿ ಬುಡು,” ಅಂದರು. “ಬರೋ ಒತ್ಗೆ ಬಂದ್ರೆ ಅದೇ ದೊಡ್ಡದು. ಓಗಿ ತಲೆ ಮ್ಯಾಲೆ ನೀರುಯ್ಕಂಡು ಬಾ. ಆಲು ನೀನೇ ಉಕ್ಸು.”

“ಜನ ಏನಂತಾರೆ ಅತ್ತೆ?”

“ಜನ ಆ ಬೆಂಚಿನ್ ಮ್ಯಾಲೆ ಕೂತಿದ್ರಾ?”

ಅವ್ವ ಕೇಳಿಸಿಕೊಂಡಳು. ಎದ್ದು ಹೋಗಿ ನನಗೆ ಹಂಡೆಯಿಂದ ನೀರು ತೋಡಿದಳು.

ಒದ್ದೆ ಕೂದಲಲ್ಲೇ ಒಲೆಯ ಮುಂದೆ ಕೂತೆ. ನಮ್ಮ ಮಗಳು ನನ್ನ ಡ್ಯೂಟಿ ಬ್ಯಾಗಿನಿಂದ ವಿಶಲ್ ಎಳೆದುಕೊಂಡು ಬಂದಿದ್ದಳು, ಅದು ಅವಳ ಆಟದ ಸಾಮಾನು. ಹಾಲು ಅಂಚಿಗೆ ಬರುತ್ತಿತ್ತು. ಅವಳು ಕೆನ್ನೆ ಉಬ್ಬಿಸಿ ಉಸಿರು ಕಟ್ಟಿ ಎರಡು ಸಲ ಊದಿದಳು. ನೆಂಟರೆಲ್ಲ ನಕ್ಕರು. ನಾನು ಹಾಲು ಬಿಟ್ಟು ಅವಳ ತುಟಿ ನೋಡಿದೆ. ಕೆಂಪಗಿತ್ತು. ಅಷ್ಟರಲ್ಲಿ ಹಾಲು ಉಕ್ಕಿ ಒಲೆಗೆ ಸುರಿಯಿತು.

“ಆಲು ನೋಡವ್ವ, ಇತ್ಲಾಗೆ,” ಅಂದರು ಅತ್ತೆ. ತಿರುಗಿದರೆ, ಅವರೂ ನೋಡುತ್ತಿದ್ದದ್ದು ಅವಳ ತುಟಿಯನ್ನೇ.